ಕಸಕ್ಕೆ ಹೋದ ವಿಷ

ಕೆಲಸದ ಜಾಗದಲ್ಲಿ ಅವಳನ್ನು ಎಲ್ಲರೂ ವಕೀಲಮ್ಮ ಎಂದೇ ಕರೆಯುತ್ತಿದ್ದರು. ಕರಿಕೋಟು ತೊಟ್ಟವಳಲ್ಲ, ಕೋರ್ಟಿನ ಮೆಟ್ಟಿಲು ಹತ್ತಿದವಳೂ ಅಲ್ಲ. ಒಂದು ಪ್ರಯೋಗಾಲಯದಲ್ಲಿ ಜೀನ್ ಓದುವ ಯಂತ್ರದ ಮುಂದೆ ಕೂತು ಕೂತೇ ನಲವತ್ತು ದಾಟಿದ ಹೆಂಗಸು. ಆದರೆ ವಾದಕ್ಕೆ ಇಳಿದಳೆಂದರೆ ಎದುರಿಗಿದ್ದವರು ತಾವಾಗಿಯೇ ಕುರ್ಚಿ ಹಿಂದಕ್ಕೆ ಸರಿಸಿಕೊಳ್ಳುತ್ತಿದ್ದರು. ನೀರಿನ ಫಿಲ್ಟರ್ ರಿಪೇರಿಗೆ ಬಂದವನ ಜೊತೆಗೂ ವಾದ, ಲಿಫ್ಟಿನೊಳಗೆ ಅಂಟಿಸಿದ ಸೂಚನೆಯ ಜೊತೆಗೂ ವಾದ. ಇಂಥವಳ ಬಾಯಿ ಒಮ್ಮೆ ಕಟ್ಟಿಹೋಗಿತ್ತು. ಅದು ಹೇಗೆ ಕಟ್ಟಿತು, ಹೇಗೆ ಬಿಚ್ಚಿಕೊಂಡಿತು ಎಂದು ಹೇಳದೆ ಅವಳ ಬಗ್ಗೆ ಇನ್ನೇನು ಹೇಳಿದರೂ ಅರ್ಧವೇ.

ಅವಳಿಗೊಬ್ಬ ಅಣ್ಣ. ಮೃಗಾಲಯದಲ್ಲಿ ಹಾವಿನ ಮನೆ ನೋಡಿಕೊಳ್ಳುವವನು. ಹಾವುಗಳ ಜೊತೆ ಇದ್ದೂ ಇದ್ದೂ ಅವುಗಳ ಹಾಗೆಯೇ ಆಗಿದ್ದ, ಸದ್ದಿಲ್ಲದೆ ಬರುತ್ತಿದ್ದ, ಸದ್ದಿಲ್ಲದೆ ಹೋಗುತ್ತಿದ್ದ. "ಇಬ್ಬರಿಗೂ ಸೇರಿಸಿ ಕೊಟ್ಟ ಮಾತನ್ನೆಲ್ಲ ಇವಳೊಬ್ಬಳೇ ಖರ್ಚು ಮಾಡಿಬಿಟ್ಟಳು" ಎಂದು ತೀರಿಕೊಂಡ ಅಮ್ಮ ಬೈಯುತ್ತಿದ್ದದ್ದು ಸುಳ್ಳೇನಲ್ಲ. ಅಣ್ಣ ಅತ್ತಿಗೆ ಕೆಳಗಿನ ಮನೆಯಲ್ಲಿದ್ದರು, ಇವಳು ಅದೇ ಕಟ್ಟಡದ ಮೇಲಿನ ಕೋಣೆಯಲ್ಲಿ ಒಬ್ಬಳೇ ಇದ್ದಳು.

ಆ ಹಾವಿನ ಮನೆಯಲ್ಲಿ ಪೆನ್ಸಿಲಿಗಿಂತ ತುಸು ದಪ್ಪಗಿದ್ದ ಕಂದು ಬಣ್ಣದ ಹಾವೊಂದಿತ್ತು. ಕೆಲಸದವರು ಅದಕ್ಕೆ ಇಟ್ಟ ಹೆಸರು 'ಪಾಪದ್ದು'. ವಿಷವಿಲ್ಲದ ಹಾವು ಎಂದು ಗಾಜಿನ ಮೇಲೆ ಫಲಕ ಹಾಕಿದ್ದರು, ಪುಸ್ತಕಗಳೂ ಹಾಗೆಯೇ ಹೇಳುತ್ತಿದ್ದವು. ಪಕ್ಕದ ಪೆಟ್ಟಿಗೆಯಲ್ಲಿದ್ದದ್ದು ದಪ್ಪ ತಲೆಯ, ಮುಂಬದಿಯಲ್ಲಿ ಉದ್ದ ಹಲ್ಲಿನ, ನಿಜವಾದ ವಿಷದ ಹಾವು. ಅದರ ಹೆಸರು 'ದೊರೆ'. ದೊರೆಯ ಪೆಟ್ಟಿಗೆ ತೆಗೆಯಬೇಕೆಂದರೆ ಇಬ್ಬರು ಇರಲೇಬೇಕು. ಒಬ್ಬನೇ ತೆಗೆದರೆ ಅದಕ್ಕಿಂತ ದೊಡ್ಡ ತಪ್ಪು ಆ ಮನೆಯಲ್ಲಿ ಇನ್ನೊಂದಿರಲಿಲ್ಲ.

ಒಂದು ಸಂಜೆ ಜೊತೆಗಾರ ಟೀ ಕುಡಿಯಲು ಹೋಗಿದ್ದಾಗ ಅಣ್ಣ ಪಾಪದ್ದರ ಪೆಟ್ಟಿಗೆ ಒರೆಸುತ್ತಿದ್ದ. ಅದು ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ಹಾಕಿ ಬಿಡಲಿಲ್ಲ, ಅಗಿಯತೊಡಗಿತು. ಎಳೆದರೆ ಅದರ ಹಲ್ಲು ಮುರಿದೀತೆಂದು ಈ ಮಹಾನುಭಾವ ಅದಾಗಿಯೇ ಬಿಡುವ ತನಕ ಕೈಯೊಡ್ಡಿಕೊಂಡು ನಿಂತ. ಮನೆಗೆ ಬರುವಷ್ಟರಲ್ಲಿ ಕೈ ಊದಿ, ಶರ್ಟಿನ ತೋಳು ಕತ್ತರಿಸಬೇಕಾಯಿತು. ಕಚ್ಚಿದ ಜಾಗದಿಂದ ರಕ್ತ ಒಸರುವುದು ನಿಲ್ಲಲೇ ಇಲ್ಲ. ಅತ್ತಿಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅತ್ತಳು. ಅವನು ಬದುಕಿ ಬಂದ. ಬಲಗೈಯ ಎರಡು ಬೆರಳು ಮಾತ್ರ ಮತ್ತೆ ಮಡಚಲಿಲ್ಲ.

ಮೃಗಾಲಯದಲ್ಲಿ ಒಂದು ರೂಢಿಯಿತ್ತು. ಸೋಮವಾರ ಬೆಳಿಗ್ಗೆ ಆಹಾರ ಹಂಚುವ ಕೋಣೆಯಲ್ಲಿ ಎಲ್ಲರೂ ಸೇರುತ್ತಿದ್ದರು. ಕೆಲಸದಲ್ಲಿ ಎಡವಿದವರು ಎದ್ದು ನಿಂತು ಎಲ್ಲರ ಮುಂದೆ ಬಾಯಿ ಬಿಟ್ಟು ಹೇಳಬೇಕು. ಹೇಳಿದ ಮೇಲೆ ಶಿಕ್ಷೆಯಿಲ್ಲ, ಆ ಮಾತನ್ನು ಮತ್ತೆ ಯಾರೂ ಎತ್ತುವಂತಿಲ್ಲ. ಚಿಲಕ ಹಾಕಲು ಮರೆತವನು, ತಪ್ಪು ಔಷಧಿ ಬೆರೆಸಿದವಳು, ಎಲ್ಲರೂ ಹಾಗೆ ನಿಂತು ಹೇಳಿದ್ದರು. ಒಬ್ಬರ ತಪ್ಪಿನಿಂದ ಉಳಿದವರ ಜೀವ ಉಳಿಯುತ್ತಿತ್ತು. ಒಳ್ಳೆಯ ರೂಢಿಯೇ. ಆದರೆ ತಪ್ಪು ಮಾಡದವನನ್ನು ನಿಲ್ಲು ಎಂದರೆ ಅವನು ಏನು ಮಾಡಬೇಕು?

ಮೇಲ್ವಿಚಾರಕರು ಕೆಟ್ಟವರಲ್ಲ. ಆಸ್ಪತ್ರೆಗೆ ದಿನಾ ಬಂದು ಹೋದವರು. ಅವರ ಲೆಕ್ಕ ಸರಳವಾಗಿತ್ತು. ಪಾಪದ್ದಕ್ಕೆ ವಿಷವಿಲ್ಲ, ಕೈ ನೋಡಿದರೆ ವಿಷವೇರಿದ ಕೈ, ಪಕ್ಕದಲ್ಲಿದ್ದದ್ದು ದೊರೆ, ಆ ಹೊತ್ತಿನಲ್ಲಿ ಇವನು ಒಬ್ಬನೇ.

"ಒಂದು ಸಲ ಎದ್ದು ನಿಂತು ಹೇಳಿಬಿಡಪ್ಪ. ಮಾರನೇ ದಿನವೇ ಹಾವಿನ ಮನೆಗೆ ಹೋಗು. ನಾನೇನು ನಿನ್ನ ಕುತ್ತಿಗೆ ಹಿಡೀತೀನಾ?" ಎಂದರು.

"ನಾನು ದೊರೆ ಪೆಟ್ಟಿಗೆ ಮುಟ್ಟಿಲ್ಲ ಸಾರ್," ಎಂದ ಅಣ್ಣ.

"ಹಾಗಾದ್ರೆ ಏನು, ವಿಷ ಆಕಾಶದಿಂದ ಇಳೀತಾ?"

ಅಣ್ಣ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಸುಳ್ಳು ಹೇಳುವವನನ್ನು ಹಾವುಗಳ ಹತ್ತಿರ ಬಿಡುವಂತಿಲ್ಲ ಎಂದು ಅವನನ್ನು ಮುಂಬಾಗಿಲಿನಲ್ಲಿ ಟಿಕೆಟ್ ಹರಿಯಲು ಹಾಕಿದರು. ಮಡಚದ ಎರಡು ಬೆರಳಿನ ನಡುವೆ ಟಿಕೆಟ್ ಸಿಕ್ಕಿಸಿಕೊಂಡು ಹರಿಯುವುದನ್ನು ಒಂದು ಭಾನುವಾರ ತಂಗಿ ದೂರದಿಂದ ನೋಡಿದಳು. ಮೈಯೆಲ್ಲ ಉರಿದುಹೋಯಿತು. ಒಬ್ಬನ ಅನ್ನಕ್ಕೆ ಕಲ್ಲು ಹಾಕಿದರೂ ಆತ ಹೇಗೋ ಬದುಕಿಕೊಂಡಾನು, ಅವನ ಮಾತಿಗೆ ಕಲ್ಲು ಹಾಕಿದರೆ ಅವನಿಗೆ ಉಳಿಯುವುದೇನು? ಅದರಲ್ಲೂ ಜನ್ಮದಲ್ಲಿ ನಾಲ್ಕೇ ಮಾತಾಡುವವನ ಮಾತಿಗೆ?

ಅಂದೇ ತೀರ್ಮಾನಿಸಿದಳು. ಪಾಪದ್ದಕ್ಕೆ ವಿಷವಿದೆಯೋ ಇಲ್ಲವೋ ಎಂದು ಪಾಪದ್ದನ್ನೇ ಕೇಳುವುದು.

ಕೇಳುವ ದಾರಿ ಅವಳ ಕೈಯಲ್ಲೇ ಇತ್ತು. ಅವಳ ಪ್ರಯೋಗಾಲಯದಲ್ಲಿ ಮಾಡುತ್ತಿದ್ದದ್ದೇ ಅದು: ಹಾವಿನ ವಿಷದಲ್ಲಿ ಏನೇನಿದೆಯೆಂದು ಜೀನ್ ಓದಿ ಪತ್ತೆಹಚ್ಚುವುದು. ಜೀನ್ ಎಂದರೆ ಬೀರುವಿನಲ್ಲಿ ಬೀಗ ಹಾಕಿಟ್ಟ ಮೂಲಪ್ರತಿ ಇದ್ದ ಹಾಗೆ. ಯಾವ ಸರಕು ತಯಾರಾಗಬೇಕೋ ಅದರ ನಕಲು ಮಾತ್ರ ಒಂದು ಚೀಟಿಯಾಗಿ ಕೆಲಸಗಾರರ ಕೈಗೆ ಬರುತ್ತದೆ. ಆ ಚೀಟಿಗೆ ಆರ್‌ಎನ್‌ಎ ಎನ್ನುತ್ತಾರೆ. ವಿಷದ ಗ್ರಂಥಿಯಿಂದ ಒಸರುವ ರಸದಲ್ಲೂ ಅಂಥ ಚೀಟಿಗಳು ತೇಲಿ ಬರುತ್ತವೆ. ಅವನ್ನು ಹಿಡಿದು ಯಂತ್ರಕ್ಕೆ ಓದಿಸಿದರೆ, ಒಳಗೆ ಏನು ತಯಾರಾಗುತ್ತಿದೆ, ಎಷ್ಟು ತಯಾರಾಗುತ್ತಿದೆ ಎನ್ನುವುದು ಬಾಗಿಲು ಒಡೆಯದೆಯೇ ತಿಳಿಯುತ್ತದೆ.

ಪ್ರಯೋಗಾಲಯದ ಮುಖ್ಯಸ್ಥೆಯನ್ನು ಎಲ್ಲರೂ ಮೇಡಂ ಎನ್ನುತ್ತಿದ್ದರು. ಅವರು ಮೊದಲು ಮೂಗು ಮುರಿದರು. "ಅಣ್ಣನ ಕೇಸಿಗೆ ನನ್ನ ಯಂತ್ರವಾ?" ಎಂದರು. ವಕೀಲಮ್ಮ ಅವರ ಕೋಣೆಯಲ್ಲಿ ಎಷ್ಟು ಹೊತ್ತು ನಿಂತು ವಾದಿಸಿದಳೆಂದರೆ, ಕೊನೆಗೆ "ಮಾಡ್ಕೋ, ಆದ್ರೆ ಬಾಗಿಲು ಹಾಕ್ಕೊಂಡು ಹೋಗು" ಎಂದು ಕಳಿಸಿದರು. ಮೃಗಾಲಯದ ಪಶುವೈದ್ಯೆಯನ್ನು ಒಪ್ಪಿಸುವುದು ಕಷ್ಟವಾಗಲಿಲ್ಲ, ಆಕೆಗೂ ಆ ಕೈ ನೋಡಿ ಅನುಮಾನವಿತ್ತು.

ಅಣ್ಣನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಮಾತು. "ಅದನ್ನ ಕೊಲ್ಲಲ್ಲ ತಾನೆ?"

"ನಿನ್ನ ಕೈ ಹಾಳುಮಾಡಿದ್ದು ಅದು," ಎಂದಳು ಅತ್ತಿಗೆ.

"ನಾನೇ ಕೈ ಹಾಕಿದ್ದು. ಅದರ ತಪ್ಪೇನಿದೆ?"

ಕೊಲ್ಲಲಿಲ್ಲ. ಪಶುವೈದ್ಯೆ ಅದಕ್ಕೆ ಮಂಪರು ಬರಿಸಿ, ಮೇಲ್ದವಡೆಯ ಹಿಂಬದಿಯಲ್ಲಿದ್ದ ಎರಡು ಚಿಕ್ಕ ಹಲ್ಲುಗಳಿಗೆ ಗಾಜಿನ ಸಣ್ಣ ನಳಿಗೆ ತೊಡಿಸಿ ರಸ ತೆಗೆದಳು. ಗ್ರಂಥಿ ಖಾಲಿಯಾದ ಮೇಲೆ ಮತ್ತೆ ತುಂಬಿಕೊಳ್ಳಲು ಒಳಗೆ ಭರದಿಂದ ಕೆಲಸ ನಡೆಯುತ್ತದೆ, ಚೀಟಿಗಳು ಹೆಚ್ಚು ಸಿಗುವುದು ಆಗಲೇ. ಅದಕ್ಕೆ ಕೆಲವು ದಿನ ಬಿಟ್ಟು ಮತ್ತೊಮ್ಮೆ ತೆಗೆದರು. ಸಿಕ್ಕಿದ್ದು ಕಣ್ಣಿಗೆ ಕಾಣದಷ್ಟಲ್ಲದಿದ್ದರೂ ಹೇಳಿಕೊಳ್ಳುವಷ್ಟೂ ಅಲ್ಲ. ವಕೀಲಮ್ಮ ಅದನ್ನು ಐಸಿನ ಡಬ್ಬಿಯಲ್ಲಿಟ್ಟು, ಹಸುಗೂಸನ್ನು ಒಯ್ಯುವ ಹಾಗೆ ಎದೆಗವಚಿಕೊಂಡು ಬಸ್ಸಿನಲ್ಲಿ ತಂದಳು. ಪಕ್ಕದಲ್ಲಿ ಕೂತಾಕೆ ಡಬ್ಬಿಯಲ್ಲಿ ಏನೆಂದು ಕೇಳಿದಾಗ ನಿಜವನ್ನೇ ಹೇಳಿದಳು. ಆಮೇಲೆ ಇಡೀ ಸೀಟು ಅವಳಿಗೇ ಆಯಿತು.

ಯಂತ್ರ ಓದಿತು. ಓದಿದ್ದನ್ನು ಕಂಪ್ಯೂಟರ್ ಜೋಡಿಸಿತು. ಶನಿವಾರ ಮಧ್ಯಾಹ್ನ ಫಲಿತಾಂಶ ಬಂತು. ಪರದೆಯ ಮೇಲೆ ವಿಷದ ಪಟ್ಟಿ ಇರಬೇಕಾದ ಜಾಗ ಖಾಲಿಯಿತ್ತು. ಯಾವ ಲೆಕ್ಕಕ್ಕೂ ಬಾರದ ಚೂರುಪಾರು ಬಿಟ್ಟರೆ ಏನೂ ಇಲ್ಲ.

ಎರಡು ಸಲ ಮತ್ತೆ ಓಡಿಸಿದಳು. ಅದೇ ಉತ್ತರ.

ಈಗ ಅವಳ ಬಗ್ಗೆ ಮುಚ್ಚಿಡದೆ ಹೇಳಬೇಕು. ಜಗತ್ತಿನ ಜೊತೆಗೆಲ್ಲ ವಾದ ಹೂಡುವ ಈ ಹೆಂಗಸು ಆ ಪರದೆಯ ಜೊತೆ ವಾದ ಹೂಡಲಿಲ್ಲ. ಇಷ್ಟು ವರ್ಷ ಅದರ ಅನ್ನ ತಿಂದವಳು. ಅದು ಇಲ್ಲ ಎಂದರೆ ಇಲ್ಲ ಎಂದು ನಂಬಿದವಳು. ಮನೆಗೆ ಬಂದಳು, ಕೆಳಗಿನ ಮನೆಯಲ್ಲಿ ಅಣ್ಣ ಊಟಕ್ಕೆ ಕೂತಿದ್ದ, ಎದುರು ಹೋಗಿ ಕೂತಳು.

"ಅಣ್ಣ, ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಆವತ್ತು ದೊರೆ ಪೆಟ್ಟಿಗೆ ಏನಾದ್ರೂ ತೆಗೆದಿದ್ಯಾ?"

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಊರೆಲ್ಲ ಕೇಳಿದ್ದಾಯ್ತು. ನೀನೊಬ್ಬಳು ಬಾಕಿ ಇದ್ದೆ," ಎಂದಳು.

ಅಣ್ಣ ಅರ್ಧ ಊಟಕ್ಕೆ ಎದ್ದ. ನಲ್ಲಿಯ ಕೆಳಗೆ ತಟ್ಟೆ ಹಿಡಿದು, ಬೆನ್ನು ಮಾಡಿಕೊಂಡೇ ತೊಳೆದ. ತೊಳೆದದ್ದನ್ನೇ ಮತ್ತೆ ತೊಳೆದ.

"ಸೋಮವಾರ ಎದ್ದು ನಿಂತು ಹೇಳಿಬಿಡ್ತೀನಿ," ಎಂದ.

"ಏನಂತ?"

"ತೆಗೆದೆ ಅಂತ."

"ತೆಗೆದಿದ್ಯಾ?"

"ನೀನೇ ಕೇಳೋ ಹಾಗಾದ್ಮೇಲೆ ತೆಗೆದ್ರೇನು, ಬಿಟ್ರೇನು. ಇನ್ಯಾರಿಗೋಸ್ಕರ ಹಠ ಹಿಡೀಲಿ?"

ತಟ್ಟೆ ಬೋರಲು ಹಾಕಿ ಒಳಗೆ ಹೋದ. ವಕೀಲಮ್ಮನ ಬಾಯಿ ಕಟ್ಟಿದ್ದು ಆಗ. ಅತ್ತಿಗೆ ಅವಳನ್ನು ಬೈಯಲೂ ಇಲ್ಲ, ಅದು ಇನ್ನೂ ಕಷ್ಟವಾಯಿತು.

ಭಾನುವಾರ ಬೆಳಿಗ್ಗೆ ಮಾಮೂಲಿನಂತೆ ಎದ್ದಳು, ಪ್ರಯೋಗಾಲಯಕ್ಕೆ ಹೋದಳು. ಯಾರೂ ಇರಲಿಲ್ಲ. ಪರದೆಯ ಮುಂದೆ ಕೂತು ಮೊದಲು ಚೆನ್ನಾಗಿ ಅತ್ತಳು, ಆಮೇಲೆ ಮುಖ ಒರೆಸಿಕೊಂಡು ಜಗಳಕ್ಕೆ ನಿಂತಳು. ನನ್ನ ಅಣ್ಣ ಸುಳ್ಳು ಹೇಳುವವನಲ್ಲ. ಆ ಕೈ ನಾನು ನೋಡಿದ್ದೇನೆ. ಹಾಗಾದರೆ ಇಲ್ಲ ಎನ್ನುವ ನೀನು ಯಾರು? ಇಲ್ಲ ಎನ್ನುವ ಮೊದಲು ನೀನು ಎಲ್ಲೆಲ್ಲಿ ಹುಡುಕಿದೆ, ಎಲ್ಲಿ ಹುಡುಕಲಿಲ್ಲ, ಅದನ್ನು ಹೇಳು.

ಹುಡುಕದ ಜಾಗ ಸಿಕ್ಕಿತು. ಓದಿದ ಚೀಟಿಗಳನ್ನು ಕಂಪ್ಯೂಟರ್ ಮೊದಲು ಒಂದು ಜರಡಿ ಹಿಡಿಯುತ್ತಿತ್ತು. ಎಲ್ಲ ಪ್ರಾಣಿಗಳ ಮೈಯಲ್ಲೂ ಇರುವ ಮಾಮೂಲಿ ಸರಕಿನ ಚೀಟಿಗಳನ್ನು ಕಸವೆಂದು ತೆಗೆದುಹಾಕಿ, ಉಳಿದದ್ದನ್ನು ಮಾತ್ರ ಹೆಸರುವಾಸಿ ಹಾವುಗಳ ವಿಷದ ಜೊತೆ ಹೋಲಿಸಿ ನೋಡುತ್ತಿತ್ತು. ದೊರೆಯಂಥ ಹಾವುಗಳಿಗೆ ಆ ಜರಡಿ ಸರಿ. ಆದರೆ ಪಾಪದ್ದು ತನ್ನ ವಿಷವನ್ನು ಮಾಮೂಲಿ ಸರಕಿನಿಂದಲೇ ಮಾಡಿಕೊಂಡಿದ್ದರೆ?

ಕಸದ ರಾಶಿಯನ್ನು ತೆರೆದಳು. ಯಾವ ಚೀಟಿ ಎಷ್ಟೆಷ್ಟಿದೆ ಎಂದು ಎಣಿಸಲು ಹೇಳಿದಳು. ಉತ್ತರ ಪಟ್ಟಿಯ ಮೊದಲಲ್ಲೇ ಇತ್ತು. ಗಾಯ ಮಾಯುವಾಗ ಹಳೆಯ ಅಂಗಾಂಶವನ್ನು ಕತ್ತರಿಸಿ ಜಾಗ ಮಾಡಿಕೊಡುವ ಒಂದು ಕಿಣ್ವ. ನಮ್ಮ ನಿಮ್ಮ ಮೈಯಲ್ಲೂ ಚಿಟಿಕೆಯಷ್ಟು ಇರುವಂಥದ್ದು. ಆ ಪುಟ್ಟ ಹಾವಿನ ಗ್ರಂಥಿಯಲ್ಲಿ ಸರಿಸುಮಾರು ಮೂರು ಚೀಟಿಗೆ ಒಂದು ಚೀಟಿ ಅದರದೇ. ಚಿಟಿಕೆಯಷ್ಟು ಇದ್ದರೆ ಮದ್ದು, ಗ್ರಂಥಿಯ ತುಂಬ ಅದನ್ನೇ ಮಾಡಿ ಹಲ್ಲಿನ ಬುಡದಿಂದ ಬೇರೆಯವರ ಕೈಗೆ ಇಳಿಸಿದರೆ ಅದಕ್ಕೆ ಇನ್ನೇನು ಹೆಸರು? ಅದು ಚರ್ಮವನ್ನೂ ರಕ್ತನಾಳದ ಗೋಡೆಯನ್ನೂ ಹಿಡಿದಿಟ್ಟ ಅಂಟನ್ನೇ ಕತ್ತರಿಸುತ್ತದೆ.

ಮೇಡಂ ಮನೆಗೆ ಫೋನ್ ಮಾಡಿದಳು.

"ಆ ಜರಡಿ ಬರೆದವಳು ನಾನೇ," ಎಂದರು ಮೇಡಂ. "ಚೀಟಿ ಸಿಕ್ಕಿದ ಮಾತ್ರಕ್ಕೆ ಸರಕು ಸಿಕ್ಕಿದ ಹಾಗಲ್ಲ. ಕುಣೀಬೇಡ. ರಸ ಉಳಿದಿದೆಯಾ?"

"ಒಂದೆರಡು ಹನಿ ಇದೆ ಮೇಡಂ."

"ಜಿಲೆಟಿನ್ ಮೇಲೆ ಹಾಕು. ಪಕ್ಕದಲ್ಲಿ ಕುದಿಸಿದ ಒಂದು ಹನಿ, ಬರೀ ನೀರಿನ ಒಂದು ಹನಿ. ಯಾಕಮ್ಮ ಅಳ್ತಿದ್ದೀಯಾ?"

"ಅಳ್ತಿಲ್ಲ," ಎಂದಳು ವಕೀಲಮ್ಮ, ಮೂಗು ಸೇದುತ್ತ.

ಜಿಲೆಟಿನ್ ಎಂದರೆ ಅದೇ ಅಂಟು, ಚರ್ಮ ಮೂಳೆ ಕುದಿಸಿ ತೆಗೆದದ್ದು. ಗಾಜಿನ ತಟ್ಟೆಯಲ್ಲಿ ತೆಳ್ಳಗೆ ಹೆಪ್ಪುಗಟ್ಟಿಸಿ, ಮೂರು ಹನಿ ಇಟ್ಟು, ಅದು ಕರಗದಷ್ಟೇ ಬೆಚ್ಚಗಿನ ಪೆಟ್ಟಿಗೆಯಲ್ಲಿ ಮುಚ್ಚಿದಳು. ಸೋಮವಾರ ಬೆಳಿಗ್ಗೆ ಬಂದು ತೆಗೆದಾಗ, ಕುದಿಸಿದ ಹನಿಯ ಕೆಳಗೆ ಏನೂ ಆಗಿರಲಿಲ್ಲ, ನೀರಿನ ಕೆಳಗೂ ಇಲ್ಲ. ಪಾಪದ್ದರ ಹನಿಯಿದ್ದ ಜಾಗದಲ್ಲಿ ತಳದ ಗಾಜು ಕಾಣುವ ಹಾಗೆ ದುಂಡನೆಯ ತೂತು. ತಟ್ಟೆ ಹಿಡಿದುಕೊಂಡು ಓಡಿದಳು.

ಆಹಾರ ಹಂಚುವ ಕೋಣೆಯ ಬಾಗಿಲಿಗೆ ಬರುವಷ್ಟರಲ್ಲಿ ಸಭೆ ಶುರುವಾಗಿತ್ತು. ಉಕ್ಕಿನ ಮೇಜುಗಳ ಸುತ್ತ ಬೂಟು ತೊಟ್ಟ ಗಂಡಸರು ಹೆಂಗಸರು ಬಕೆಟ್ಟುಗಳ ಮೇಲೆ, ಪೆಟ್ಟಿಗೆಗಳ ಮೇಲೆ ಕೂತಿದ್ದರು. ಅಣ್ಣ ಎದ್ದು ನಿಂತಿದ್ದ. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದ.

"ಆವತ್ತು ಸಂಜೆ ನಾನು," ಎಂದು ಶುರುಮಾಡಿದ್ದ.

"ಅಣ್ಣ, ಸುಮ್ನಿರು," ಎಂದಳು ತಂಗಿ ಬಾಗಿಲಿನಿಂದಲೇ.

ಮೇಲ್ವಿಚಾರಕರು ತಿರುಗಿ ನೋಡಿದರು. "ಇಲ್ಲಿ ಹೊರಗಿನವರು ಬರೋ ಹಾಗಿಲ್ಲಮ್ಮ."

"ಬಂದಾಯ್ತಲ್ಲ ಸಾರ್," ಎಂದು ಒಳಗೆ ನಡೆದು, ತಟ್ಟೆಯನ್ನು ಅವರ ಮುಂದಿನ ಮೇಜಿನ ಮೇಲಿಟ್ಟಳು. "ನಮ್ಮ ಚರ್ಮದೊಳಗಿರೋ ಅಂಟು ಇದು. ಈ ತೂತು ಮಾಡಿದ್ದು ನಿಮ್ಮ ಪಾಪದ್ದು. ದೊರೆಯಲ್ಲ, ಪಾಪದ್ದು. ಅದರ ಗ್ರಂಥಿಯಲ್ಲಿ ಏನು ತಯಾರಾಗ್ತಿದೆ ಅಂತ ಓದಿ ಬಂದಿದೀನಿ."

ಬಕೆಟ್ಟುಗಳು ಸದ್ದು ಮಾಡಿದವು, ಎಲ್ಲರೂ ಎದ್ದು ಬಂದು ಬಗ್ಗಿ ನೋಡಿದರು. ಪಾಪದ್ದನ್ನು ಬರಿಗೈಯಲ್ಲಿ ಎತ್ತಿ ಮಕ್ಕಳಿಗೆ ತೋರಿಸುತ್ತಿದ್ದ ಹೆಂಗಸೊಬ್ಬಳು ತನ್ನ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು. ಮೇಲ್ವಿಚಾರಕರು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದರು. ಬುದ್ಧಿವಂತರು, ಸುಮ್ಮನೆ ಸೋಲುವವರಲ್ಲ.

"ಇದಕ್ಕೆ ವಿಷ ಇದೆ ಅಂತಾಯ್ತು. ಒಪ್ಪಿದೆ. ಆದ್ರೆ ಅವನು ದೊರೆ ಪೆಟ್ಟಿಗೆ ತೆಗೆದಿಲ್ಲ ಅಂತ ಇದರಿಂದ ಹೇಗೆ ಗೊತ್ತಾಗುತ್ತೆ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅವಳಿಗೂ ಅದು ಗೊತ್ತಿತ್ತು, ಬಸ್ಸಿನುದ್ದಕ್ಕೂ ಅದನ್ನೇ ಯೋಚಿಸಿಕೊಂಡು ಬಂದಿದ್ದಳು.

"ಗೊತ್ತಾಗಲ್ಲ," ಎಂದಳು ಕಡ್ಡಿ ಮುರಿದ ಹಾಗೆ. "ಯಾವ ಯಂತ್ರಕ್ಕೂ ಗೊತ್ತಾಗಲ್ಲ. ಅದು ಗೊತ್ತಿರೋದು ಅವನಿಗೆ. ಅವನು ಮೊದಲ ದಿನವೇ ಹೇಳಿದ. ನಿಮ್ಮ ಹತ್ರ ಅವನನ್ನ ನಂಬದೇ ಇರೋದಕ್ಕೆ ಇದ್ದಿದ್ದು ಒಂದೇ ಕಾರಣ, ಈ ಹಾವಿಗೆ ವಿಷ ಇಲ್ಲ ಅನ್ನೋದು. ಆ ಕಾರಣ ಈ ತೂತಲ್ಲಿ ಹೋಯ್ತು. ಇನ್ನೇನು ಉಳಿದಿದೆ ಹೇಳಿ ಸಾರ್."

ಅವಳು ಮುಂದುವರಿಸಿದಳು. ದನಿ ಸ್ವಲ್ಪ ಒಡೆಯಿತು, ಆದರೆ ನಿಲ್ಲಲಿಲ್ಲ.

"ಇಲ್ಲಿ ತಪ್ಪು ಮಾಡಿದವರು ನಿಂತು ಹೇಳಬೇಕಂತೆ. ನಾನು ನಿಂತಿದೀನಿ. ಮೊದಲ ಸಲ ಓದಿದಾಗ ವಿಷ ಇಲ್ಲ ಅಂತ ಬಂತು. ನಾನು ಅದನ್ನ ನಂಬಿ, ಮನೆಗೆ ಹೋಗಿ, ಇವನನ್ನ ಕೇಳಿದೆ, ಪೆಟ್ಟಿಗೆ ತೆಗೆದ್ಯಾ ಅಂತ. ನೀವಾದ್ರೂ ಹೊರಗಿನವರು. ನಾನು ಇವನ ಜೊತೆ ಹುಟ್ಟಿದವಳು. ಇಷ್ಟೇ ನನ್ನದು."

ಅಣ್ಣ ಇನ್ನೂ ನಿಂತೇ ಇದ್ದ. ಬೆನ್ನ ಹಿಂದಿದ್ದ ಕೈಗಳನ್ನು ಮುಂದಕ್ಕೆ ತಂದ. ಊತ ಇಳಿದು ಚರ್ಮ ಸುಕ್ಕಾಗಿದ್ದ ಬಲಗೈ ಎಲ್ಲರಿಗೂ ಕಂಡಿತು.

"ಆವತ್ತು ಸಂಜೆ ನಾನು ಪಾಪದ್ದರ ಪೆಟ್ಟಿಗೆ ಒರೆಸ್ತಿದ್ದೆ," ಎಂದ. "ಅದು ಕಚ್ಚಿತು. ದೊರೆ ಪೆಟ್ಟಿಗೆ ತೆಗೆದಿಲ್ಲ. ವಿಷ ಇಲ್ಲ ಅಂತ ಗ್ಲೌಸ್ ಹಾಕ್ಕೊಂಡಿರಲಿಲ್ಲ. ಇನ್ಮೇಲೆ ಎಲ್ಲರೂ ಹಾಕ್ಕೊಳ್ಳಿ."

ಹೇಳಿ ಕೂತ. ನಿಂತು ಹೇಳಿ ಕೂತವನನ್ನು ಮತ್ತೆ ಕೇಳುವ ಹಾಗಿರಲಿಲ್ಲ. ಮೇಲ್ವಿಚಾರಕರು ತಮ್ಮ ಸೊಂಟದ ಗೊಂಚಲಿನಿಂದ ಹಾವಿನ ಮನೆಯ ಕೀಲಿಯನ್ನು ಬಿಡಿಸತೊಡಗಿದರು. ಗೊಂಚಲಿನ ಬಳೆ ಬಿಗಿಯಾಗಿತ್ತು, ಉಗುರು ಸಿಕ್ಕಿಕೊಂಡು ಒದ್ದಾಡಿದರು, ಯಾರೂ ನೆರವಿಗೆ ಹೋಗಲಿಲ್ಲ. ಕೊನೆಗೆ ಬಿಡಿಸಿಕೊಂಡು, ಅವನು ಕೂತಲ್ಲಿಗೇ ಹೋಗಿ ಎಡಗೈಗೆ ಕೊಟ್ಟರು. "ನನ್ನದು ತಪ್ಪಾಯ್ತಪ್ಪ," ಎಂದರು. ಎಲ್ಲರಿಗೂ ಕೇಳಿಸುವಷ್ಟು ಜೋರಾಗಿಯೇ ಎಂದರು.

ಹೊರಗೆ ಅಂಗಳದಲ್ಲಿ ಅಣ್ಣ ಮುಂದೆ, ತಂಗಿ ಖಾಲಿ ಕೈಯಲ್ಲಿ ಹಿಂದೆ. ತಟ್ಟೆಯನ್ನು ಅವರು ವಾಪಸ್ ಕೊಟ್ಟಿರಲಿಲ್ಲ, ಒಬ್ಬರಾದ ಮೇಲೆ ಒಬ್ಬರು ಇನ್ನೂ ನೋಡುತ್ತಿದ್ದರು. ಹಾವಿನ ಮನೆಯ ಬಾಗಿಲಿಗೆ ಕೀಲಿ ಹಾಕುವ ಮೊದಲು ಅವನು ತಿರುಗಿ ನೋಡಿದ.

"ಸಂಜೆ ಊಟಕ್ಕೆ ಕೆಳಗೆ ಬಾ. ನಿಮ್ಮತ್ತಿಗೆ ಕಾಯ್ತಾಳೆ."

"ನನ್ನ ಮೇಲಿನ ಕೋಪ ಹೋಯ್ತಾ?"

"ಇಲ್ಲ," ಎಂದ ಅಣ್ಣ. "ಊಟಕ್ಕೆ ಬಾ ಅಂದೆ."